ಭೇಷ್ ಎನಿಸಿಕೊಂಡ ಗೆರೆ

ಈ ಕಥೆ ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಹೇಳುವವರಿಗೆ ವೈದ್ಯ ಗೊತ್ತಿರುವುದು ಅರ್ಧಂಬರ್ಧ, ಹೊಲಿಗೆ ಗೊತ್ತಿರುವುದು ಬಿದ್ದ ಗುಂಡಿ ಹಚ್ಚುವಷ್ಟು. ಬಲ್ಲವರು ಓದಿ ‘ಇದು ಹೀಗಲ್ಲ’ ಅಂದರೆ ಒಪ್ಪಿಕೊಳ್ಳದೆ ಬೇರೆ ದಾರಿಯಿಲ್ಲ. ಆದರೆ ಇದರಲ್ಲಿ ಬರುವ ನರ್ಸಮ್ಮ ಯಾರ ಹತ್ತಿರ ಬಾಯಿ ತೆರೆದರೂ, ಮಾತು ಮುಗಿಯುವ ಮೊದಲೇ ಕೇಳಿದವರು “ನಿಮ್ಮದೇನಿದೆ ಇದ್ರಲ್ಲಿ ತಪ್ಪು?” ಎಂದು ಸಮಾಧಾನ ಮಾಡಿ ಕಳಿಸಿಬಿಟ್ಟರು. ಒಬ್ಬರಾದರೂ ಪೂರ್ತಿ ಕೇಳಲಿ ಎಂಬ ಆಸೆಯಿಂದ ಇಷ್ಟು ಧೈರ್ಯ ಮಾಡಿದ್ದು.

ಬೀದಿ ತಿರುವಿನಲ್ಲಿ ಒಂದು ಸಣ್ಣ ಕ್ಲಿನಿಕ್. ಒಳಕೋಣೆ ಡಾಕ್ಟರದು, ಹೊರಕೋಣೆ ನರ್ಸಮ್ಮನದು. ಹೊರಕೋಣೆಯಲ್ಲಿ ಗೋಡೆಗೆ ಒರಗಿದ ಬೆಂಚು, ಒಂದು ಕಾಲಿಗೆ ರಟ್ಟು ಕೊಟ್ಟು ನಿಲ್ಲಿಸಿದ ತೂಕದ ಯಂತ್ರ, ಮೂಲೆಯಲ್ಲಿ ಕಂಪ್ಯೂಟರ್. ಸಕ್ಕರೆ ಕಾಯಿಲೆಯವರ ತೋಳಿಗೆ ಸೆನ್ಸರ್ ಅಂಟಿಸುವ ಕೆಲಸ ಹೊಸದಾಗಿ ಬಂದಾಗ ಡಾಕ್ಟರು ಅದನ್ನು ಪೂರ್ತಿ ನರ್ಸಮ್ಮನಿಗೇ ವಹಿಸಿದರು. ಕೋಟಿನ ಗುಂಡಿಗಿಂತ ಕೊಂಚ ದೊಡ್ಡದಾದ ಬಿಳಿ ಬಿಲ್ಲೆ ಅದು. ತೋಳಿನ ಹಿಂಬದಿಗೆ ಒತ್ತಿದರೆ ಕೂದಲೆಳೆಯಂಥ ಒಂದು ಎಳೆ ಚರ್ಮದೊಳಗೆ ಇಳಿದು ಕೂರುತ್ತದೆ. ಆಮೇಲೆ ಹಗಲೂ ರಾತ್ರಿ ಸಕ್ಕರೆ ಅಳೆದು ಫೋನಿಗೆ ಕಳಿಸುತ್ತಲೇ ಇರುತ್ತದೆ, ಫೋನು ಅದನ್ನು ಕ್ಲಿನಿಕ್ಕಿನ ಕಂಪ್ಯೂಟರಿಗೆ ದಾಟಿಸುತ್ತದೆ. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಎಲ್ಲರ ಗೆರೆ ನೋಡುವುದು ನರ್ಸಮ್ಮನ ಕೆಲಸ. ಹಸಿರು ಪಟ್ಟಿಯೊಳಗೆ ಗೆರೆ ಓಡಾಡಿದರೆ ಸರಿ. ಮೇಲೆ ಹೋದರೆ ಹಳದಿ, ಕೆಳಗೆ ಇಳಿದರೆ ಕೆಂಪು.

ಸೆನ್ಸರ್ ಹಾಕಿಸಿಕೊಂಡವರಲ್ಲಿ ಅದೇ ಬೀದಿಯ ಟೈಲರಮ್ಮನೂ ಒಬ್ಬರು. ತಂಗಿಯನ್ನು ಜೊತೆಗಿಟ್ಟುಕೊಂಡು ಅಂಗಡಿ ನಡೆಸುತ್ತಿದ್ದ, ಮಾತಿಗಿಂತ ಕತ್ತರಿ ಹೆಚ್ಚು ಓಡಿಸುವ ಹೆಂಗಸು. ಮೊದಲ ದಿನ ತಂಗಿಯೇ ಅಕ್ಕನ ತೋಳು ಹಿಡಿದು ನಿಂತಿದ್ದಳು.

“ಏನಕ್ಕಾ ಇದು, ಚಾಡಿಕೋರನ್ನ ತೋಳ ಮೇಲೆ ಕೂರಿಸ್ಕೊಂಡ ಹಾಗಾಯ್ತು. ಬಾಯಿಗೆ ಬೆಲ್ಲ ಹಾಕೋ ಮೊದಲೇ ಕ್ಲಿನಿಕ್ಕಿಗೆ ಸುದ್ದಿ!”

“ಸುಮ್ನಿರೇ. ನಿನ್ನ ಬಾಯಿಗಿಂತ ಇದೇ ವಾಸಿ. ಇದು ಕ್ಲಿನಿಕ್ಕಿಗೆ ಮಾತ್ರ ಹೇಳುತ್ತೆ” ಎಂದರು ಟೈಲರಮ್ಮ.

ಒಂದು ವಾರ ಕಳೆದು ಬಂದಾಗ ನರ್ಸಮ್ಮ ಪರದೆಯನ್ನು ಅವರ ಕಡೆ ತಿರುಗಿಸಿದಳು. ಪ್ರತಿ ಊಟದ ನಂತರವೂ ಗೆರೆ ಹಳದಿಗೆ ನೆಗೆದಿತ್ತು.

“ನೋಡಿ ಅಕ್ಕಾ, ಬರೀ ಬೆಟ್ಟ ಗುಡ್ಡ. ಇದು ನಿಮ್ಮ ಹೊಲಿಗೆ ಹಾಗೆ ನೆಟ್ಟಗೆ ಬರ್ಬೇಕು.”

ಹೇಳಿದ್ದು ಇಷ್ಟೇ. ಅವರವರ ಕಸುಬಿನ ಮಾತಿನಲ್ಲೇ ಹೇಳಿದರೆ ಬೇಗ ತಲೆಗೆ ಹೋಗುತ್ತದೆ ಎಂದು ತರಬೇತಿಯಲ್ಲಿ ಕಲಿಸಿದ್ದರು. ಡ್ರೈವರಿಗೆ ಬ್ರೇಕು, ಮೇಷ್ಟ್ರಿಗೆ ಅಂಕ, ಟೈಲರಿಗೆ ಹೊಲಿಗೆ. ಟೈಲರಮ್ಮ ಪರದೆಯ ಹತ್ತಿರ ಬಂದು, ಕಿರಿದು ಮಾಡಿದ ಕಣ್ಣಿಂದ, ಗಿರಾಕಿ ವಾಪಸು ತಂದ ಬಟ್ಟೆ ನೋಡುವಂತೆ ಆ ಗೆರೆ ನೋಡಿದರು. “ಬಿಚ್ಚಿ ಹೊಲೀಬೇಕು ಇದನ್ನ” ಎಂದಷ್ಟೇ ಹೇಳಿ ಹೋದರು.

ಮುಂದಿನ ವಾರ ಗೆರೆ ತಗ್ಗಿತು. ನರ್ಸಮ್ಮನಿಗೆ ಎಷ್ಟು ಖುಷಿಯಾಯಿತೆಂದರೆ ತಂಗಿಯ ಫೋನಿಗೆ ‘ಭೇಷ್’ ಎಂದು ಒಂದು ಮೆಸೇಜು ಹಾಕಿದಳು. ಆ ಸಂಜೆ ಟೈಲರಮ್ಮ ಅಂಗಡಿ ಬಾಗಿಲು ಹಾಕುವ ಮೊದಲು ಕ್ಲಿನಿಕ್ಕಿಗೆ ಬಂದು ಹೊಸ್ತಿಲ ಹೊರಗೇ ನಿಂತರು.

“ಅದು ನೀವೇ ಬರ್ದಿದ್ದಾ ಸಿಸ್ಟರ್?”

“ಹೌದಕ್ಕಾ, ಯಾಕೆ?”

“ಏನಿಲ್ಲ. ಟೈಲರ್ ಹತ್ರ ಚೆನ್ನಾಗಿದೆ ಅಂತ ಹೇಳೋಕೆ ಯಾರೂ ಬರಲ್ಲ. ಚೆನ್ನಾಗಿದ್ರೆ ಹಾಕ್ಕೊಂಡು ಓಡಾಡ್ತಾರೆ. ಬಿಗಿಯಾಯ್ತು, ಸಡಿಲ ಆಯ್ತು ಅನ್ನೋಕೆ ಮಾತ್ರ ಬರ್ತಾರೆ.” ಸ್ವಲ್ಪ ನಕ್ಕು, ನಾಚಿಕೊಂಡವರಂತೆ ಹೊರಟುಹೋದರು.

ಅಂದಿನಿಂದ ಭೇಷ್ ಎನ್ನುವುದು ನರ್ಸಮ್ಮನಿಗೆ ರೂಢಿಯಾಯಿತು. ಗೆರೆಯೂ ದಿನದಿಂದ ದಿನಕ್ಕೆ ಚಪ್ಪಟೆಯಾಯಿತು. ಬೆಂಚಿನ ಮೇಲೆ ಕೂತ ಬೇರೆಯವರಿಗೆ ಅವಳು ಅದೇ ಗೆರೆ ತೋರಿಸುತ್ತಿದ್ದಳು. “ನೋಡಿ, ಮನಸ್ಸು ಮಾಡಿದ್ರೆ ಹೀಗೂ ಬರುತ್ತೆ.” ಒಬ್ಬರ ಗೆರೆ ಇನ್ನೊಬ್ಬರಿಗೆ ತೋರಿಸಬಾರದೆಂದು ಗೊತ್ತಿತ್ತು. ಹೆಸರು ಮುಚ್ಚಿದ್ದೇನಲ್ಲವೇ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಸೆನ್ಸರ್ ಬದಲಿಸಲು ಬಂದ ದಿನ ಟೈಲರಮ್ಮನ ಅಂಗಿಯ ಪಕ್ಕದಲ್ಲಿ ಬಿಚ್ಚಿದ ಹೊಲಿಗೆಯ ಸಣ್ಣ ಸಣ್ಣ ತೂತುಗಳು ಸಾಲಾಗಿ ಕಂಡವು. ಅದರ ಒಳಗೆ ಇನ್ನೊಂದು ಸಾಲು. ಅಂಗಿಯನ್ನು ಎರಡು ಸಲ ಒಳಗೆ ಹಿಡಿದು ಹೊಲಿದಿದ್ದರು. ತೋಳನ್ನೂ ಬಿಗಿ ಮಾಡಿದ್ದರು.

“ಸಣ್ಣಗಾಗಿದ್ದೀರಿ ಅಕ್ಕಾ!” ನರ್ಸಮ್ಮ ಸಂಭ್ರಮದಿಂದ ಹೇಳಿದಳು.

ತಂಗಿ ಬಾಗಿಲಿಂದಲೇ ಮೂತಿ ತಿರುವಿದಳು. “ಸಣ್ಣಗಾಗ್ದೆ ಇನ್ನೇನು? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ತಿನ್ನು ಅಂದ್ರೆ, ಗೆರೆ ಏರುತ್ತೆ ಕಣೇ ಅಂತಾಳೆ. ತಟ್ಟೆ ನನ್ನ ಕಡೆ ತಳ್ತಾಳೆ. ಇವಳದ್ದೂ ತಿಂದು ತಿಂದು ನನಗೇ ಸೆನ್ಸರ್ ಹಾಕ್ಬೇಕಾಗುತ್ತೆ.”

ಅಕ್ಕ ತಂಗಿ ಇಬ್ಬರೂ ನಕ್ಕರು. ನರ್ಸಮ್ಮನೂ ನಕ್ಕಳು. ಆ ನಗುವಿನ ನಡುವೆ ಕೇಳಬೇಕಾದ ಒಂದು ಪ್ರಶ್ನೆ ಇತ್ತು. ಟೈಲರಮ್ಮನಂತೆ ಸಕ್ಕರೆಯನ್ನು ಒತ್ತಿ ಇಳಿಸುವ ಮಾತ್ರೆ ನುಂಗುವವರು ಊಟ ಬಿಡಬಾರದು, ಇದು ನರ್ಸಮ್ಮನಿಗೆ ತನ್ನ ಹೆಸರಿನಷ್ಟೇ ಚೆನ್ನಾಗಿ ಗೊತ್ತಿದ್ದ ವಿಷಯ. ‘ಊಟ ಬಿಡ್ತಿದ್ದೀರಾ?’ ಎಂದು ಕೇಳಿದ್ದರೆ ಸಾಕಿತ್ತು. ತಂಗಿಯ ಬಾಯಿ ದೊಡ್ಡದು, ಹತ್ತಕ್ಕೆ ನೂರು ಸೇರಿಸುತ್ತಾಳೆ ಎಂದುಕೊಂಡಳು. ಬೆಂಚಿನಲ್ಲಿ ಜನ ಕಾಯುತ್ತಿದ್ದರು.

ಗೆರೆಯಲ್ಲಿ ಕೆಂಪು ಇರಲಿಲ್ಲವೆಂದಲ್ಲ. ಬೆಳಗಿನ ಜಾವ ಒಂದೆರಡು ಕಡೆ ಗೆರೆ ಗುಂಡಿಗೆ ಬಿದ್ದಂತೆ ಇಳಿದಿತ್ತು.

“ಅಕ್ಕಾ, ಯಾವ ಮಗ್ಗುಲಿಗೆ ಮಲಗ್ತೀರಿ?”

“ಎಡಗಡೆಗೇ. ಚಿಕ್ಕಂದಿನಿಂದ ಅದೇ ಅಭ್ಯಾಸ.”

ಸೆನ್ಸರ್ ಇದ್ದದ್ದು ಎಡತೋಳಿನಲ್ಲಿ. ಅದರ ಮೇಲೆ ಭಾರ ಬಿದ್ದರೆ ಸಕ್ಕರೆ ಇಳಿಯದಿದ್ದರೂ ಇಳಿದಂತೆ ತೋರಿಸುತ್ತದೆ, ಅದೂ ತರಬೇತಿಯಲ್ಲಿ ಹೇಳಿದ್ದೇ. ನರ್ಸಮ್ಮನಿಗೆ ನಿರಾಳವಾಯಿತು. ಡಾಕ್ಟರಿಗೆ “ತೋಳಿನ ಮೇಲೆ ಮಲಗ್ತಾರೆ ಸರ್, ಅದಕ್ಕೆ ಕೆಂಪು” ಎಂದಳು. ಡಾಕ್ಟರು ಅವಳ ಮಾತು ನಂಬಿ ಮಾತ್ರೆಯನ್ನು ಹಾಗೇ ಮುಂದುವರಿಸಿದರು. ಆದರೆ ಮಧ್ಯಾಹ್ನದ ಹೊತ್ತಿನಲ್ಲೂ ಅಂಥದ್ದೇ ಒಂದು ಇಳಿತವಿತ್ತು. ಮಧ್ಯಾಹ್ನ ಟೈಲರಮ್ಮ ಮಲಗುತ್ತಾರೆಯೇ ಎಂದು ಅವಳು ಕೇಳಲಿಲ್ಲ. ನೋಡಿದಳು, ಬೆರಳು ಪುಟ ಮುಂದೆ ಸರಿಸಿತು, ಅಷ್ಟೇ. ಒಳ್ಳೆಯ ಗೆರೆಯಲ್ಲಿ ಕೊಂಕು ಹುಡುಕಲು ಮನಸ್ಸಾಗಲಿಲ್ಲ ಎಂದರೂ ಸರಿಯೇ.

ಒಂದು ಶನಿವಾರ ತಂಗಿ ಫೋನ್ ಮಾಡಿದಳು. ಬಿಗಿ ಮಾಡಿದ ತೋಳಿನ ಅಂಗಿ ಬಿಚ್ಚುವಾಗ ಸೆನ್ಸರ್ ಕಿತ್ತು ಬಂದಿತ್ತು. “ಅಕ್ಕ ಗಾಬರಿಯಾಗಿದ್ದಾಳೆ, ಗೆರೆ ನಿಂತುಹೋಯ್ತು ಅಂತ.”

“ಗಾಬರಿ ಏನಿಲ್ಲ, ಸೋಮವಾರ ಬನ್ನಿ. ಅವರದು ಚೆನ್ನಾಗೇ ಇದೆಯಲ್ಲ” ಎಂದಳು ನರ್ಸಮ್ಮ.

ಸೋಮವಾರ ಬೆಳಗ್ಗೆ ಟೈಲರಮ್ಮ ಬಂದರು. ಎಡಗೈಗೆ ಸುತ್ತಿದ ಬಟ್ಟೆಯಲ್ಲಿ ರಕ್ತ ಹರಡಿತ್ತು. ಸೆನ್ಸರ್ ಹಾಕಿಸಿಕೊಂಡು ಬರುವ ಮೊದಲು ಒಂದು ಅರ್ಜೆಂಟ್ ಬಟ್ಟೆ ಮುಗಿಸಿಬಿಡೋಣವೆಂದು ಕೂತವರು, ಮಷೀನು ಓಡುತ್ತಿದ್ದಂತೆ ಬೆರಳನ್ನು ಬಟ್ಟೆಯ ಜೊತೆಗೇ ಸೂಜಿಯ ಕೆಳಗೆ ತಳ್ಳಿದ್ದರು. ಸೂಜಿ ತೋರುಬೆರಳಿನ ಉಗುರು ತೂರಿ ಒಳಗೇ ಮುರಿದಿತ್ತು.

“ಕಣ್ಣು ಮುಂದೆ ಮಂಜು ಬಂದ ಹಾಗಾಯ್ತು” ಎಂದರು ಟೈಲರಮ್ಮ, ಮೆಲ್ಲಗೆ.

“ಬೆವರಿ ನೀರಾಗಿದ್ಲು ಸಿಸ್ಟರ್. ನಾನು ಮೊದ್ಲು ಸಕ್ಕರೆ ನೀರು ಕುಡಿಸ್ಬಿಟ್ಟೆ, ಲೋಟ ತುಂಬಾ” ಎಂದಳು ತಂಗಿ.

ನರ್ಸಮ್ಮ ಇನ್ನೊಂದು ಬೆರಳು ಚುಚ್ಚಿ ಸಕ್ಕರೆ ನೋಡಿದಳು. ಎಲ್ಲ ಸರಿಯಾಗಿತ್ತು. ಸಕ್ಕರೆ ನೀರು ಒಳಗೆ ಹೋದ ಮೇಲೆ ಸರಿಯಾಗಿರದೆ ಇನ್ನೇನು? ತೋಳಿನಲ್ಲಿ ಸೆನ್ಸರ್ ಇರಲಿಲ್ಲ. ಕಂಪ್ಯೂಟರಿನಲ್ಲಿ ಗೆರೆ ಶನಿವಾರಕ್ಕೇ ಕಡಿದಿತ್ತು.

ಡಾಕ್ಟರು ಸೂಜಿಯ ತುಂಡು ತೆಗೆದು, ಕಟ್ಟು ಹಾಕಿ, ಅಷ್ಟೂ ಹೊತ್ತು ಗದರಿದರು. “ಊಟ ಮಾಡಿದ್ರಾ?” “ಇಲ್ಲ ಸರ್.” “ಮಾತ್ರೆ?” “ಅದನ್ನ ತಪ್ಪಿಸಿಲ್ಲ ಸರ್.” “ಮಾತ್ರೆ ನುಂಗಿ ಊಟ ಬಿಡೋಕೆ ನಿಮಗೆ ಯಾರಮ್ಮ ಹೇಳಿದ್ದು?”

ಟೈಲರಮ್ಮ ತಲೆ ತಗ್ಗಿಸಿದರು. “ಯಾರೂ ಇಲ್ಲ ಸರ್. ನನ್ನದೇ ಬುದ್ಧಿ.”

ಪಕ್ಕದಲ್ಲಿ ಹತ್ತಿ ಹಿಡಿದು ನಿಂತಿದ್ದ ನರ್ಸಮ್ಮ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನಂತೆ ಬೆಚ್ಚಿದಳು. ಡಾಕ್ಟರು ಆ ಮಾತ್ರೆ ನಿಲ್ಲಿಸಿ ಬೇರೆ ಬರೆದರು. ಟೈಲರಮ್ಮ ಹೋದ ಮೇಲೆ ನರ್ಸಮ್ಮ ಒಳಗೆ ಹೋಗಿ ಮಧ್ಯಾಹ್ನದ ಆ ಇಳಿತದ ವಿಷಯ ಹೇಳಿದಳು. ಡಾಕ್ಟರು ಕನ್ನಡಕ ಒರೆಸುತ್ತಾ, “ನಾನೂ ನೋಡ್ಬೇಕಿತ್ತು ಬಿಡಿ. ಊಟ ಬಿಟ್ಟಿದ್ದು ಅವರು. ನಿಮ್ಮದೇನಿದೆ ತಪ್ಪು?” ಎಂದರು. ಮನೆಯಲ್ಲಿ ಗಂಡನೂ ಅದನ್ನೇ ಅಂದ. ಅವಳಿಗೆ ಬೇಕಾಗಿದ್ದದ್ದು ಬೈಗುಳ. ಬಯ್ಯುವ ಹಕ್ಕಿದ್ದವರು ಒಬ್ಬರೇ.

ಬೆರಳಿನ ಕಟ್ಟು ಬಿಚ್ಚಿದ ಮೇಲೂ ನರ್ಸಮ್ಮ ಆ ಅಂಗಡಿಯ ಮುಂದೆ ಹಾಯದೆ ಸುತ್ತು ಬಳಸಿ ಓಡಾಡಿದಳು. ಕೊನೆಗೆ ಒಂದು ಮಧ್ಯಾಹ್ನ ಹೊಸ ಸೆನ್ಸರಿನ ಡಬ್ಬಿ ಕೈಯಲ್ಲಿ ಹಿಡಿದು ಒಳಗೆ ಕಾಲಿಟ್ಟಳು. ನೆಲದ ತುಂಬ ಬಟ್ಟೆಯ ಚೂರು. ಮಷೀನಿನ ಮೇಲೆ ತಂಗಿ ಕೂತಿದ್ದಳು. ಟೈಲರಮ್ಮ ಪಕ್ಕದ ಸ್ಟೂಲಿನಲ್ಲಿ ಕೂತು ಹೊಲಿಗೆ ಬಿಚ್ಚುತ್ತಿದ್ದರು.

“ಮತ್ತೆ ಸೂಜಿ ಚುಚ್ಚೋಕೆ ಬಂದ್ರಾ ಸಿಸ್ಟರ್? ನಮ್ಮಲ್ಲೇ ಬೇಕಾದಷ್ಟಿದೆ” ಎಂದು ನಕ್ಕರು.

“ಬೆರಳು ಹೇಗಿದೆ ಅಕ್ಕಾ?”

“ಇದೆ. ನೋವಿಲ್ಲ. ಬಟ್ಟೆ ಮುಟ್ಟಿದ್ರೆ ನೂಲೋ ರೇಷ್ಮೆಯೋ ತಿಳಿಯಲ್ಲ, ಅಷ್ಟೇ. ಬಲಗೈಲಿ ಮುಟ್ಟಿ ನೋಡ್ಕೋತೀನಿ.”

ನರ್ಸಮ್ಮ ಕೂರಲಿಲ್ಲ. ನಿಂತೇ ಹೇಳಿದಳು. “ಅಕ್ಕಾ, ನಿಮ್ಮ ಗೆರೆ ಅಷ್ಟು ಚೆನ್ನಾಗಿರ್ಲಿಲ್ಲ. ಕೆಳಗೆ ಇಳೀತಿತ್ತು. ಹಗಲಲ್ಲೂ ಇಳಿದಿತ್ತು, ನಾನು ನೋಡ್ದೆ. ನೋಡೀನೂ ಭೇಷ್ ಅಂದೆ. ಸಣ್ಣಗಾಗಿದ್ದೀರಿ ಅಂತ ಹೊಗಳ್ದೆ. ನೀವು ಊಟ ಬಿಟ್ಟಿದ್ದು ನನ್ನಿಂದ. ನಿಮ್ಮ ಬುದ್ಧಿ ಅಲ್ಲ ಅದು.”

ಮಷೀನಿನ ಸದ್ದು ನಿಂತಿತು. ಟೈಲರಮ್ಮ ಬಯ್ಯುತ್ತಾರೆಂದು ನರ್ಸಮ್ಮ ಕಾದಳು. ಅವರು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು.

“ಎಲ್ಲಾ ಸಲಾನೂನಾ?” ಎಂದು ಕೇಳಿದರು.

“ಏನಕ್ಕಾ?”

“ಭೇಷ್ ಅಂದ್ರಲ್ಲ. ಎಲ್ಲಾ ಸಲಾನೂ ಸುಳ್ಳೇನಾ? ಮೊದಲ್ನೇ ಸಲ ಬರೆದಿದ್ದು?”

ನರ್ಸಮ್ಮನಿಗೆ ಇಂಥ ಪ್ರಶ್ನೆ ಬರಬಹುದೆಂದು ಕನಸಿನಲ್ಲೂ ಹೊಳೆದಿರಲಿಲ್ಲ. ತನ್ನ ಎದೆಯ ಭಾರ ಇಳಿಸಲು ಬಂದು, ಆ ಹೆಂಗಸಿನ ಹತ್ತಿರವಿದ್ದ ಒಂದೇ ಒಂದು ಒಳ್ಳೆಯ ಮಾತನ್ನೂ ಕಿತ್ತುಕೊಂಡಂತಾಗಿತ್ತು.

“ಮೊದಲ್ನೇದು ನಿಜ” ಎಂದಳು ಆತುರದಿಂದ.

“ಮೊದಲ್ನೇದು ನಿಜ, ಕೊನೇದು ಸುಳ್ಳು. ಮಧ್ಯದಲ್ಲಿ ಎಲ್ಲಿಗೆ ಕತ್ತರಿ ಹಾಕೋದು?” ಟೈಲರಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. “ಅಟ್ಟ ಹತ್ತಿಸಿ ಏಣಿ ತೆಗೀತೀರಲ್ಲ ಸಿಸ್ಟರ್. ಬೆರಳು ಹೋಗ್ಲಿ ಅಂತ ಬಿಟ್ಟಿದ್ದೆ. ಭೇಷ್ ಅಂತ ಅನ್ನಿಸ್ಕೊಂಡಿದ್ದೆನಲ್ಲ ಅಂತ ಸಮಾಧಾನ ಇತ್ತು.”

ತಂಗಿ ಎದ್ದು ಹಿಂದಿನ ಕೋಣೆಯಿಂದ ಮುಚ್ಚಿಟ್ಟಿದ್ದ ತಟ್ಟೆ ತಂದು ಅಕ್ಕನ ತೊಡೆಯ ಮೇಲಿಟ್ಟಳು. ಟೈಲರಮ್ಮ ಒಂದು ತುತ್ತು ಬಾಯಿಗಿಟ್ಟರು. ನರ್ಸಮ್ಮನ ಮುಖ ನೋಡಿದರು. ಇನ್ನೊಂದು ತುತ್ತು ಇಟ್ಟು, ಮತ್ತೆ ನೋಡಿದರು. ನರ್ಸಮ್ಮ ಎಲ್ಲಿ ನೋಡಬೇಕೆಂದು ತಿಳಿಯದೆ ನೆಲದ ಮೇಲಿನ ಚೂರುಗಳನ್ನು ನೋಡುತ್ತಾ ನಿಂತಳು.

ಊಟ ಮುಗಿದ ಮೇಲೆ ಟೈಲರಮ್ಮ ಅಂಗಿಯ ತೋಳು ಮಡಿಸಿ ಬಲತೋಳು ಮುಂದೆ ಮಾಡಿದರು. “ಈ ಸಲ ಈ ಕಡೆ ಹಾಕಿ. ಎಡಗಡೆಗೆ ಮಲಗೋಳು ನಾನು.”

ಮರುದಿನ ಬೆಳಗ್ಗೆ ಕಂಪ್ಯೂಟರಿನಲ್ಲಿ ಒಂದು ಗುಡ್ಡ ಎದ್ದು ಇಳಿದಿತ್ತು. ನರ್ಸಮ್ಮ ಫೋನು ಕೈಗೆತ್ತಿಕೊಂಡಳು. ಭೇಷ್ ಎಂದು ಬರೆದಳು, ಅಳಿಸಿದಳು. ‘ಏನು ಊಟ ಮಾಡಿದ್ರಿ?’ ಎಂದು ಬರೆದಳು, ಅದೂ ಪೊಲೀಸರ ಪ್ರಶ್ನೆಯಂತೆ ಕಂಡಿತು. ಕೊನೆಗೆ ಏನನ್ನೂ ಕಳಿಸಲಿಲ್ಲ. ಆಮೇಲೆ ಹಳೆಯ ಪುಟಗಳಿಗೆ ಹೋಗಿ, ತಾನು ಮೊದಲ ಸಲ ಭೇಷ್ ಎಂದ ವಾರದ ಗೆರೆಯನ್ನು ತೆಗೆದು ನೋಡಿದಳು. ಅಚ್ಚುಕಟ್ಟಾದ ಗೆರೆ. ಕೆಂಪು ಎಲ್ಲೂ ಇಲ್ಲ. ಅದು ಹಿತಮಿತವಾಗಿ ಉಂಡ ಗೆರೆಯೋ, ಆಗಲೇ ಶುರುವಾಗಿದ್ದ ಉಪವಾಸದ ಗೆರೆಯೋ, ಎಷ್ಟು ದಿಟ್ಟಿಸಿದರೂ ಹೇಳುವಂತಿರಲಿಲ್ಲ.

ಆ ಸೋಮವಾರ ಸೂಜಿ ತೂರುವ ಹೊತ್ತಿಗೆ ಟೈಲರಮ್ಮನ ಸಕ್ಕರೆ ಎಷ್ಟಿತ್ತು ಎಂಬುದೂ ಯಾರಿಗೂ ಗೊತ್ತಿಲ್ಲ. ಅಂಥ ಅಪಘಾತ ಹೊಟ್ಟೆ ತುಂಬಿದ ಟೈಲರುಗಳಿಗೂ ಆಗುತ್ತದೆ. ಬೆಳಗಿನ ಜಾವದ ಆ ಕೆಂಪು ತೋಳಿನ ಭಾರವೋ, ನಿಜವಾದ ಇಳಿತವೋ, ಅದೂ ತಿಳಿಯಲಿಲ್ಲ. ಬೆರಳಿಗೆ ಸ್ಪರ್ಶ ಮರಳುತ್ತದೆಯೇ ಎಂದು ಕೇಳಿದರೆ ಡಾಕ್ಟರು ‘ನೋಡೋಣ’ ಎನ್ನುತ್ತಾರೆ. ಟೈಲರಮ್ಮ ಈಗ ಹೊತ್ತಿಗೆ ಸರಿಯಾಗಿ ಉಣ್ಣುತ್ತಾರೆ. ಹಸಿವಾಗಿ ಉಣ್ಣುತ್ತಾರೋ, ನರ್ಸಮ್ಮ ನೋಡುತ್ತಾಳೆಂದು ಉಣ್ಣುತ್ತಾರೋ, ಗೊತ್ತಿಲ್ಲ.