ಎಂಟೂವರೆ ಕಿಲೋ ಸೋನಾ ಮಸೂರಿ

ನಿನ್ನ ಬೆಡ್ ಮಾನ್ಯಾಗೆ ಕೊಟ್ವಿ, ಓಕೆ ಅಲ್ವಾ, ನೀನ್ ಹೇಗೂ ಫ್ರಾನ್ಸ್‌ಗೆ ಬರ್ತಿಲ್ವಲ್ಲ — ಇಯರ್‌ಫೋನ್ ಒಳಗೆ ಹರಿಣಿ, ಸೆಂಟರ್‌ವಿಲ್ಲಿನ ತನ್ನ ರೂಮಲ್ಲಿ ಕೂತು ಏನೋ ಕರುಂಕರುಂ ಅಂತ ತಿಂತಾ, ಮೆಹವಿಶ್‌ಗೆ ಮೊದಲು ಕೇಳಿಸಿದ್ದು ಆ ಕರುಂಕರುಂ, ಮಾತು ಆಮೇಲೆ ಬಂದು ತಾಕ್ತು, ಬರ್ತಿಲ್ವಾ, ಯಾರು ಬರ್ತಿಲ್ಲ, ಆನ್ ಯುವರ್ ಲೆಫ್ಟ್ ಅಂದ್ಕೊಂಡು ಸೈಕಲ್‌ನವನೊಬ್ಬ ಮೊಣಕೈ ಸವರಿ ಹೋದ, ಹೋಗಪ್ಪ, ನೀನಾದ್ರೂ ಹೋಗು, ಕಾಲುವೆ ಪಕ್ಕದ ಮಣ್ಣು ದಾರಿ, ಬಿಸಿಲು, ಬೆನ್ನ ಮೇಲೆ ಬ್ಯಾಗು, ಬ್ಯಾಗಲ್ಲಿ ಎಂಟೂವರೆ ಕಿಲೋ ಸೋನಾ ಮಸೂರಿ ಅಕ್ಕಿ, ಪ್ರಾಕ್ಟೀಸಿಗೆ, ಜೂನಲ್ಲಿ ಫ್ರಾನ್ಸಲ್ಲಿ ಹನ್ನೊಂದು ದಿನ ಇಷ್ಟೇ ಭಾರ ಹೊತ್ಕೊಂಡು ನಡೀಬೇಕಲ್ಲ ಅಂತ — ಹರಿಣಿ ಏನೇ ಹೇಳ್ತಿದೀಯ, ಮುಂದಿನ ಬುಧವಾರ ನನ್ನ ಫ್ರಾನ್ಸ್ ವೀಸಾ ಅಪಾಯಿಂಟ್‌ಮೆಂಟ್ ಇದೆ, ಕರುಂಕರುಂ ನಿಂತ್ಹೋಯ್ತು, ಓ ಮೈ ಗಾಡ್ ಮೆಹೂ, ಅದು ಮಾರ್ಚಲ್ಲೇ ಕ್ಯಾನ್ಸಲ್ ಆಯ್ತು, ನಿನ್ನ ಡ್ಯಾಡ್ ನನ್ ಡ್ಯಾಡ್‌ಗೆ ಹೇಳಿದ್ರು, ಫೈನಲ್ಸ್ ಮುಗಿಯೋ ತನಕ ಹೇಳ್ಬೇಡ ಅಂದ್ರು, ಬಟ್ ಫೈನಲ್ಸ್ ನಿನ್ನೆ ಮುಗೀತಲ್ಲ, ಸೋ ಐ ಥಾಟ್ — ಏನ್ ಥಾಟು, ಯಾರ್ ಥಾಟು, ಹರಿಣಿಗೇನು, ಈ ದೇಶದಲ್ಲೇ ಹುಟ್ಟಿದವಳು, ಇಲ್ಲಿನ ನೀಲಿ ಪಾಸ್‌ಪೋರ್ಟ್, ಬೇಕಾದಾಗ ಫ್ಲೈಟ್ ಹತ್ತಬಹುದು, ಮೆಹವಿಶ್ ಇಂಡಿಯಾದಿಂದ ಬಂದಿದ್ದು ಏಳು ವರ್ಷದವಳಾಗಿ, ಅಬ್ಬಾನ ವರ್ಕ್ ವೀಸಾಗೆ ಅಂಟ್ಕೊಂಡು, ಫೆಬ್ರವರಿಯಲ್ಲಿ ಇಪ್ಪತ್ತೊಂದು ತುಂಬಿದ ತಕ್ಷಣ ಆ ಅಂಟು ಬಿಡ್ತು, ಸ್ಟೂಡೆಂಟ್ ವೀಸಾಗೆ ಬದಲಾಯಿಸಿ ಅಂತ ಅಪ್ಲಿಕೇಶನ್ ಹಾಕಿದ್ದಾಯ್ತು, ಇನ್ನೂ ಪೆಂಡಿಂಗು, ಪೆಂಡಿಂಗ್ ಇರೋವಾಗ ದೇಶ ಬಿಟ್ರೆ ಅಪ್ಲಿಕೇಶನ್ ಸತ್ತಂಗೆ, ಲಾಯರ್ ಮಾರ್ಚಲ್ಲೇ ಹೇಳಿದ್ರಂತೆ, ಹರಿಣಿ ಡ್ಯಾಡ್ ಯಶವಂತ್ ಅಂಕಲ್‌ಗೂ ಅಬ್ಬಾಗೂ ಒಂದೇ ಆಫೀಸು, ಒಬ್ರೇ ಲಾಯರು, ಹಾಗಾಗಿ ಇಡೀ ಸೆಂಟರ್‌ವಿಲ್ಲಿಗೆ ಗೊತ್ತು, ರಾಕ್‌ವಿಲ್ಲಲ್ಲಿ ಮಕ್ಬೂಲ್ ಸಾಹೇಬ್ರ ಮಗಳೊಬ್ಬಳಿಗೆ ಮಾತ್ರ ಗೊತ್ತಿಲ್ಲ, ಅವಳು ಅಕ್ಕಿ ಹೊತ್ಕೊಂಡು ನಡೀತಾ ಇದಾಳೆ, ಕತ್ತೆ ಥರ, ಕಾಲ್ ಕಟ್ ಮಾಡಿದ್ಲು.

ಒಂದೂವರೆ ವರ್ಷ, ಆ ದಾರಿನ ಅವಳು ಫೋನಲ್ಲೇ ನಡೆದು ಮುಗಿಸಿದಾಳೆ, ಹೆಬ್ಬೆರಳಲ್ಲಿ, ಬಸ್ಸಲ್ಲಿ, ಕ್ಲಾಸಲ್ಲಿ, ಬಾತ್‌ರೂಮಲ್ಲಿ, ದಕ್ಷಿಣ ಫ್ರಾನ್ಸಿನ ಸುಣ್ಣಕಲ್ಲಿನ ಬಯಲು, ಗಾರೆ ಇಲ್ಲದೆ ಬರೀ ಕಲ್ಲು ಪೇರಿಸಿದ ಮೊಣಕಾಲೆತ್ತರದ ಗೋಡೆ, ಗಿಡ್ಡ ಗಿಡ್ಡ ಓಕ್ ಮರ, ಹಸು ತಪ್ಪಿಸ್ಕೋಬಾರ್ದು ಅಂತ ದಾಟಿದವರೇ ಮುಚ್ಚಬೇಕಾದ ಗೇಟುಗಳು, ಮೂರನೇ ದಿನದ ಹಳ್ಳೀಲಿ ಬ್ರೆಡ್ ಅಂಗಡಿ ಸೋಮವಾರ ರಜಾ, ಆದ್ರಿಂದ ಭಾನುವಾರಾನೇ ಎರಡು ತಗೋಬೇಕು, ಇದನ್ನ ಕಂಡು ಹಿಡಿದಿದ್ದು ಯಾರು, ಮಾನ್ಯಾನಾ, ಮಾನ್ಯಾ ಮೆಟ್ರೋ ಎಸ್ಕಲೇಟರ್ ಕೆಟ್ಟಿದ್ರೆ ಊಬರ್ ತಗೊಳ್ಳೋಳು, ಅವಳು ನನ್ನ ಬೆಡ್ಡಲ್ಲಿ ಮಲಗ್ತಾಳೆ, ಐದನೇ ದಿನ ರಾತ್ರಿ ತಂಗೋ ಹೆಂಚಿನ ಮನೇದು, ಕಿಟಕಿ ಪಕ್ಕದ್ದೇ ಬೇಕು ಅಂತ ಮೂರು ಸಲ ಇಮೇಲ್ ಮಾಡಿ ಹಿಡಿದಿದ್ದು, ಮತ್ತೆ ಆ ಗುರುತುಗಳು, ಕಲ್ಲಿನ ಮೇಲೆ, ಮರದ ಮೇಲೆ, ಬಿಳಿ ಪಟ್ಟಿ ಕೆಳಗೆ ಕೆಂಪು ಪಟ್ಟಿ ಅಂದ್ರೆ ದಾರಿ ಸರಿ, ನಡಿ, ಅದೇ ಎರಡು ಬಣ್ಣದಲ್ಲಿ ಇಂಟು ಮಾರ್ಕ್ ಹಾಕಿದ್ರೆ ತಪ್ಪು ದಾರಿ, ತಿರುಗು, ಯಾರೋ ಊರವರು ವರ್ಷಾ ವರ್ಷಾ ಡಬ್ಬಿ ಹಿಡ್ಕೊಂಡು ಬಂದು ಬಳೀತಾರಂತೆ, ಮುಖ ನೋಡದೇ ಇರೋರಿಗೋಸ್ಕರ, ಅಬ್ಬಾ, ನಿಮಗೆ ಒಂದು ಇಂಟು ಮಾರ್ಕ್ ಹಾಕೋಕೆ ಆಗ್ಲಿಲ್ವಾ, ಮಾರ್ಚಲ್ಲಿ, ಫ್ರಿಜ್ ಮೇಲೆ, ಒಂದು ಚೀಟಿ. ಎಕ್ಸಾಮ್ ಮುಗೀಲಿ ಬೇಟಾ, ಅಂತಾರೆ. ಗೊತ್ತು, ಇದು ಮನೆ ಕಾನೂನು, ದಾದಾ, ಅಬ್ಬಾನ ಅಪ್ಪ, ಮೈಸೂರಲ್ಲಿ ತೀರ್ಕೊಂಡಿದ್ದು ಅವಳ ಹೈಸ್ಕೂಲ್ ಎಕ್ಸಾಮ್ ವಾರ, ಇವಳಿಗೆ ಹೇಳಿದ್ದು ಒಂಬತ್ತು ದಿನ ಆದ್ಮೇಲೆ, ಕೊನೇ ಪೇಪರ್ ಕೊಟ್ಟು ಕಾರ್ ಹತ್ತಿದ ಮೇಲೆ, ಒಂಬತ್ತು ದಿನ ಅಮ್ಮಿ ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ರಂತೆ, ಇವಳು ಹೊರಗೆ ನಿಂತು ಅಮ್ಮಿ ನೀರ್ ವೇಸ್ಟ್ ಮಾಡ್ಬೇಡಿ ಅಂತ ಕೂಗ್ತಿದ್ಲು, ಆವತ್ತು ಅಬ್ಬಾ ಸ್ಟೇರಿಂಗ್ ಹಿಡ್ಕೊಂಡು ಇನ್ಮೇಲೆ ಹೀಗೆ ಮುಚ್ಚಿಡಲ್ಲ ಅಂದಿದ್ರು, ಅಂದಿದ್ರು, ಅಂದಿದ್ರು, ಆನ್ ಯುವರ್ ಲೆಫ್ಟ್, ದಿಮ್ಮಿ ಮೇಲೆ ನಾಲ್ಕು ಆಮೆ ಒಂದೇ ಕಡೆ ಮುಖ ಮಾಡ್ಕೊಂಡು ಬಿಸಿಲು ಕಾಯ್ತಿವೆ, ಏನ್ ನೋಡ್ತೀರ, ಹೌದು, ನಾನೇ ಆ ಕತ್ತೆ.

ಸರಿ, ಕಾನೂನೇ ಇರ್ಲಿ, ಎಕ್ಸಾಮ್ ನಿನ್ನೆ ನಾಲ್ಕು ಗಂಟೆಗೆ ಮುಗೀತಲ್ಲ, ಅಬ್ಬಾ ಬಿರಿಯಾನಿ ತಂದ್ರು, ಪೇಪರ್ ಹೆಂಗಿತ್ತು ಅಂದ್ರು, ಆಮೇಲೆ ಹೇಳ್ಬಹುದಿತ್ತಲ್ಲ, ಇವತ್ತು ಬೆಳಿಗ್ಗೆ ಎದ್ದು ಮತ್ತೆ ಅದೇ, ಪ್ರತಿ ಶನಿವಾರದ ಥರ, ಡಬ್ಬದಿಂದ ಅಕ್ಕಿ ಸುರಿದು, ಪಾಕೆಟ್ ಕಟ್ಟಿ, ಬ್ಯಾಗಿಗೆ ಇಟ್ಟು, ಇಂಡಿಯಾಗೆ ಹೋಗೋವಾಗ ಸೂಟ್‌ಕೇಸ್ ತೂಗ್ತಾರಲ್ಲ ಆ ಕೈ ತಕ್ಕಡಿ, ಅದರ ಕೊಕ್ಕೆಗೆ ಬ್ಯಾಗ್ ಸಿಗಿಸಿ ಎತ್ತಿ ಹಿಡಿದು, ಉಸಿರು ಬಿಗಿ ಹಿಡ್ಕೊಂಡು, ಎಂಟೂವರೆ ಅಂದ್ರು, ಕನ್ನಡದಲ್ಲೇ, ಮನೇಲಿ ಮಾತೆಲ್ಲ ಉರ್ದು, ತೂಕ ಮಾತ್ರ ಕನ್ನಡ, ದಾದಾದು ಮಂಡಿ ಮೊಹಲ್ಲಾದಲ್ಲಿ ಅಕ್ಕಿ ಅಂಗಡಿ ಇತ್ತು, ತೂಗೋವಾಗ ಕಮ್ಮಿ ಹೇಳಬಾರದು ಜಾಸ್ತಿ ಹೇಳಬಾರದು ಅಂತ ದಾದಾ ಕಲಿಸಿದ್ದು ಈ ಮನುಷ್ಯನಿಗೇ ಅಲ್ವಾ, ಮಾರ್ಚಿಂದ ಎಷ್ಟು ಶನಿವಾರ, ಹತ್ತು, ಹತ್ತು ಸಲ ತೂಗಿದಾರೆ, ನಾನು ಎಲ್ಲಿಗೂ ಹೋಗಲ್ಲ ಅಂತ ಗೊತ್ತಿದ್ದೂ, ಅರ್ಧ ಕಿಲೋ ಹೆಚ್ಚು ಕಮ್ಮಿ ಆಗಬಾರದು, ಭುಜ ನೋಯತ್ತೆ ಅಂತ ಪಟ್ಟಿಗೆ ಟವೆಲ್ ಬೇರೆ ಸುತ್ತಿ ಕೊಟ್ರು, ಎಂಥಾ ನಾಟಕ, ಆ ಸ್ಟೂಡೆಂಟ್ ವೀಸಾ ಫಾರ್ಮಿಗೆ ಸೈನ್ ಹಾಕಿದ್ದು ಅವಳೇ, ಓದದೆ, ಅಬ್ಬಾ ಬೆರಳಿಟ್ಟ ಕಡೆ, ಅದಕ್ಕೂ ಅವಳಿಗೆ ಅವಳ ಮೇಲೇ ಸಿಟ್ಟು, ಫ್ರಾನ್ಸ್ ಮುಂದಿನ ವರ್ಷಾನೂ ಅಲ್ಲೇ ಇರತ್ತೆ, ಕಲ್ಲು ಎಲ್ಲಿಗೂ ಎದ್ದು ಹೋಗಲ್ಲ, ಆದ್ರೆ ಈ ಅಕ್ಕಿ, ಈ ಅಕ್ಕಿನ ಏನ್ ಮಾಡ್ಲಿ, ಬ್ಯಾಗ್ ಇಳಿಸಿದ್ಲು, ಕಾಲುವೆಗೆ ಸುರಿದುಬಿಡ್ಲಾ, ಜಿಪ್ಪಿಗೆ ಕೈ ಹಾಕಿದ್ಲು, ಅನ್ನ ಚೆಲ್ಲಬಾರದು ಅಂತ ಬೆಳೆಸಿದ ಕೈ, ತೆಗೆಯೋಕೆ ಆಗ್ಲಿಲ್ಲ, ಅದಕ್ಕೂ ಸಿಟ್ಟು, ಫೋನ್ ತೆಗೆದ್ಲು, ನೀವು ಸುಳ್ಳುಗಾರ ಅಂತ ಟೈಪ್ ಮಾಡಿ ಅಳಿಸಿದ್ಲು, ಹೆಂಗ್ ಮನಸ್ಸು ಬಂತು ಅಂತ ಟೈಪ್ ಮಾಡಿ ಅಳಿಸಿದ್ಲು, ಕೊನೆಗೆ ಕಳಿಸಿದ್ದು ಇಷ್ಟು, ಹರಿಣಿ ಎಲ್ಲಾ ಹೇಳಿದ್ಲು, ನಾಳೆ ಬೆಳಿಗ್ಗೆ ಆರು ಗಂಟೆಗೆ ಕಾಲುವೆ ಪಾರ್ಕಿಂಗ್ ಲಾಟಿಗೆ ನೀವೂ ಬರ್ಬೇಕು, ಹತ್ತು ಮೈಲಿ, ಬ್ಯಾಗ್ ನೀವು ಹೊರಬೇಕು, ಹೇಳೋದಿದ್ರೆ ಹೊತ್ಕೊಂಡೇ ಹೇಳಿ. ಮೂರು ಚುಕ್ಕಿ ಕುಣೀತು, ನಿಂತ್ಹೋಯ್ತು, ಮತ್ತೆ ಕುಣೀತು, ಆನ್ ಯುವರ್ ಲೆಫ್ಟ್, ಆಮೇಲೆ ಬಂತು, ಆರಕ್ಕೆ ಇರ್ತೀನಿ ಬೇಟಾ, ಎಷ್ಟು ತುಂಬಿಸ್ಲಿ. ಎಂಟೂವರೆ, ಅಂತ ಹೊಡೆದ್ಲು, ಹೊಡೆದು ಅಲ್ಲೇ ನಿಂತ್ಲು, ಯಾಕಂದ್ರೆ ಇವತ್ತು ಬೆಳಿಗ್ಗೆ, ಕೈ ಅಲ್ಲಾಡದೆ ಇದ್ರೆ ಮಾತ್ರ ಆ ತಕ್ಕಡಿ ಬೀಪ್ ಅನ್ನೋದು, ಮಾರ್ಚಿಗೆ ಮೊದಲೆಲ್ಲ ಎತ್ತಿದ ತಕ್ಷಣ ಅಂತಿತ್ತು, ಈಗೀಗ ಅನ್ನೋದೇ ಇಲ್ಲ, ಅಬ್ಬಾ ನಿಮಗೆ ವಯಸ್ಸಾಯ್ತು ಅಂತ ನಕ್ಕಿದ್ಲು, ಅವರು ತಿರುಗಿ ನೋಡ್ಲಿಲ್ಲ, ಬ್ಯಾಗ್ ನೇತಾಡ್ತಿತ್ತು, ನಂಬರು ಎಂಟು ಪಾಯಿಂಟ್ ಮೂರು, ಎಂಟು ಆರು, ಎಂಟು ನಾಲ್ಕು — ಕೊಕ್ಕೆ, ಬ್ಯಾಗು, ಬಿಗಿ ಹಿಡಿದ ಉಸಿರು, ನಿಲ್ಲದೇ ಇರೋ ಆ ನಂಬರು