ಎಡಗಡೆ ಹಿಂದಿನ ಗೀರು

ಬ್ಲೇಡ್ ಬಣ್ಣಕ್ಕೆ ತಾಗಿದರೆ ಸದ್ದು ಬರುವುದಿಲ್ಲ. ಬೆರಳಿಗೆ ಮಾತ್ರ ಗೊತ್ತಾಗುತ್ತದೆ, ಜಾರುತ್ತಾ ಇದ್ದದ್ದು ಒಮ್ಮೆ ಸಣ್ಣಗೆ ಹಿಡಿದುಕೊಂಡಂತೆ. ಪುತ್ತೂರಿನ ಬೈಪಾಸ್ ಬದಿಯಲ್ಲಿ ಹನ್ನೊಂದು ವರ್ಷದಿಂದ ಕಾರುಗಳಿಗೆ ಫಿಲ್ಮ್ ಹಾಕುತ್ತಿರುವ ನನಗೆ ಅದು ಮೂರೇ ಸಲ ಗೊತ್ತಾದದ್ದು. ಮೊದಲಿನ ಎರಡು ಸಲ ಗುಜರಿಯಿಂದ ತಂದ ಬಾಗಿಲುಗಳ ಮೇಲೆ, ಮಂಗಳೂರಿನಲ್ಲಿ ಕೆಲಸ ಕಲಿಯುವಾಗ. ಮೂರನೆಯ ಸಲ ಸುಳ್ಯದ ಹಲ್ಲಿನ ಡಾಕ್ಟರ್ ವಿಷ್ಣುಪ್ರಸಾದರ ಹಳದಿ ಸ್ಪೋರ್ಟ್ಸ್ ಕಾರಿನ ಮೇಲೆ.

ನಾನು ಹಾಕುವ ಫಿಲ್ಮಿಗೆ ಪಿಪಿಎಫ್ ಎನ್ನುತ್ತಾರೆ. ಬೇರೇನಲ್ಲ, ಬಣ್ಣದ ಮೇಲೆ ಹಾಕುವ ದಪ್ಪದ, ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಚರ್ಮ. ಕಾರನ್ನು ತೊಳೆದು, ಸಾಬೂನು ನೀರು ಚಿಮುಕಿಸಿ, ಫಿಲ್ಮ್ ಹಾಸಿ, ರಬ್ಬರಿನ ಪಟ್ಟಿಯಿಂದ ನೀರನ್ನೆಲ್ಲ ಹೊರಗೆ ದೂಡಬೇಕು. ಹೆಚ್ಚಾದ ಅಂಚನ್ನು ಕಾರಿನ ಮೈಮೇಲೆ ಬ್ಲೇಡಿನಿಂದ ಕತ್ತರಿಸಬಾರದು. ಅದಕ್ಕೆಂದೇ ಒಳಗೆ ನೂಲಿರುವ ಒಂದು ಟೇಪ್ ಸಿಗುತ್ತದೆ, ನೂಲು ಎಳೆದರೆ ಫಿಲ್ಮ್ ತಾನಾಗಿ ತುಂಡಾಗುತ್ತದೆ. ನನ್ನಲ್ಲಿ ಕೆಲಸ ಕಲಿಯಲು ಬಂದವರಿಗೆಲ್ಲ ನಾನು ಮೊದಲ ದಿನವೇ ಹೇಳುವ ಮಾತು ಇದು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಆ ದಿನ ಟೇಪ್ ಮುಗಿದಿತ್ತು. ಮಂಗಳೂರಿನಿಂದ ಬರಲು ಇನ್ನೊಂದು ದಿನ ಬೇಕಿತ್ತು. ನನ್ನ ಕೈಯ ಮೇಲೆ ನನಗೆ ಭಾರೀ ಅಹಂಕಾರ.

ಎಡಗಡೆ ಹಿಂದಿನ ಚಕ್ರದ ಮೇಲೆ ಆ ಕಾರಿನ ಮೈ ಉಬ್ಬಿ ಒಳಗೆ ತಿರುಗುತ್ತದೆ. ಅಲ್ಲಿ ಬ್ಲೇಡಿನಿಂದಲೇ ಕತ್ತರಿಸಿ ತುಂಡನ್ನು ಎತ್ತಿದೆ. ಕೆಳಗೆ ಕಿರುಬೆರಳಿನಷ್ಟು ಉದ್ದದ ಗೆರೆ ಇತ್ತು. ಒರೆಸಿದೆ, ಹೋಗಲಿಲ್ಲ. ಉಗುರು ಆಡಿಸಿದೆ, ಉಗುರು ಸಿಕ್ಕಿಕೊಂಡಿತು.  ಆ ಬಣ್ಣ ನಮ್ಮ ಕಡೆ ಎಲ್ಲಿಯೂ ಬೆರೆಸಲು ಸಿಗುವಂಥದ್ದಲ್ಲ. ಕಾರು ಹಾಳು ಮಾಡಿದವ ಎಂಬ ಹೆಸರು ಒಮ್ಮೆ ಬಂದರೆ ಪುತ್ತೂರಿನಿಂದ ಸುಳ್ಯದವರೆಗೆ ನನ್ನ ಅಂಗಡಿಗೆ ಮತ್ತೆ ಯಾರು ಬರುತ್ತಾರೆ?

ಹಾಕಿದ ಫಿಲ್ಮನ್ನು ಕಿತ್ತು ಎಸೆದೆ. ಇನ್ನೂ ದೊಡ್ಡ ತುಂಡು ಹಾಸಿ, ಅಂಚನ್ನು ಸಂದಿಯೊಳಗೆ ಮಡಚಿದೆ. ಗೀರು ಅದರ ಅಡಿಯಲ್ಲಿ ಮುಳುಗಿತು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದರೆ ಕಾಣುತ್ತಿರಲಿಲ್ಲ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಬರೀ ಹೇಡಿಯಾಗಿ ಉಳಿಯುತ್ತಿದ್ದೆ. ಆದರೆ ಹೆದರಿದವನ ತಲೆ ವಿಪರೀತ ಓಡುತ್ತದೆ.

ಕಾರು ಒಳಗೆ ತೆಗೆದುಕೊಳ್ಳುವಾಗ ನಮ್ಮಲ್ಲಿ ಒಂದು ಕಾಗದ ತುಂಬಿಸುವ ಕ್ರಮ ಉಂಟು. ಅದರಲ್ಲಿ ಕಾರಿನ ಚಿತ್ರ ಇರುತ್ತದೆ, ಮೊದಲೇ ಇದ್ದ ಗೀರುಗಳನ್ನು ಪೆನ್ನಿನಲ್ಲಿ ಗುರುತು ಮಾಡಿ, ಕಾರು ತಂದವರ ಸಹಿ ಹಾಕಿಸುತ್ತೇವೆ. ಫೋಟೋವನ್ನೂ ತೆಗೆಯುತ್ತೇವೆ, ಆ ದಿನ ನನ್ನ ಫೋನ್ ಚಾರ್ಜಿಗೆ ಇಟ್ಟದ್ದರಿಂದ ಅದು ಆಗಿರಲಿಲ್ಲ. ಕಾರು ತಂದದ್ದು ಡಾಕ್ಟರ ಮನೆಯ ಡ್ರೈವರ್ ತ್ಯಾಂಪಣ್ಣ. ಅರವತ್ತೆಂಟು ವರ್ಷ, ಅದರಲ್ಲಿ ನಲವತ್ತು ವರ್ಷ ಆ ಮನೆಯ ಜೀಪಿನಿಂದ ಹಿಡಿದು ಎಲ್ಲವನ್ನೂ ಓಡಿಸಿದವರು. ನನ್ನೊಡನೆ ಕಾರಿನ ಸುತ್ತ ಬಗ್ಗಿ ಬಗ್ಗಿ ನೋಡಿ, "ಒಂದು ಗೀರೂ ಇಲ್ಲ ಮಾರಾಯ, ಮಗುವನ್ನು ತಂದ ಹಾಗೆ ತಂದದ್ದು" ಎಂದು ನಕ್ಕು, ಕನ್ನಡಕ ಇಲ್ಲದೆ ಸಹಿ ಹಾಕಿ ಬಸ್ಸು ಹತ್ತಿದ್ದರು.

ಅವರ ಸಹಿಯ ಮೇಲಿದ್ದ ಆ ಚಿತ್ರದಲ್ಲಿ, ಎಡಗಡೆ ಹಿಂದಿನ ಚಕ್ರದ ಮೇಲೆ, ನಾನು ಸಣ್ಣದೊಂದು ಗೆರೆ ಎಳೆದೆ.

ಕಾರು ಒಯ್ಯಲೂ ಅವರೇ ಬಂದರು. ಹೊಳಪು ನೋಡಿ ಬಾಯಿ ತೆರೆದು ನಿಂತರು. "ಇನ್ನು ಇದಕ್ಕೆ ಎಂತ ಆಗುದಿಲ್ಲವಾ?" ಎಂದು ಕೇಳಿದರು.

"ಕಲ್ಲು ಹಾರಿದ್ರೂ ಆಗುದಿಲ್ಲ" ಎಂದೆ. ಅವರ ಮುಖ ನೋಡಲಾಗದೆ ಬಕೆಟಿನ ನೀರು ಚೆಲ್ಲಲು ಹೋದೆ.

ಹನ್ನೆರಡನೆಯ ದಿನ ಡಾಕ್ಟರ ಫೋನ್ ಬಂತು. ಹಲ್ಲಿನಲ್ಲಿ ಕೂದಲೆಳೆಯ ಬಿರುಕು ಹುಡುಕುವ ಕಣ್ಣು ಅವರದು, ಬೆಳಗಿನ ಓರೆ ಬಿಸಿಲಿನಲ್ಲಿ ಕಾರು ತೊಳೆಯುವಾಗ ಕಂಡಿತಂತೆ. "ಫಿಲ್ಮಿನ ಅಡಿಯಲ್ಲಿ ಒಂದು ಗೆರೆ ಉಂಟಲ್ಲ ಲತೀಶ್?" ಎಂದು ಮೆತ್ತಗೆ ಕೇಳಿದರು. ಬೈದಿದ್ದರೆ ನಾನೂ ಬೈಯುತ್ತಿದ್ದೆನೋ ಏನೋ. ನಾನು ಫೋನ್ ಇಟ್ಟು ಕಾಗದದ ಫೋಟೋ ಕಳಿಸಿದೆ. ನಂತರ ಒಂದೇ ಸಾಲು ಬರೆದೆ: ಬರುವಾಗಲೇ ಇತ್ತು ಸರ್, ನಿಮ್ಮವರ ಸಹಿ ಉಂಟು.

ಎರಡು ದಿನ ಸುದ್ದಿ ಇಲ್ಲ.  ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ, ಯಾರಾದರೂ ಗಿರಾಕಿ ಕಾರಿನ ಎಡಬದಿಗೆ ಹೋದರೂ ನಾನು ಹಿಂದೆಯೇ ಹೋಗುತ್ತಿದ್ದೆ. ಮೂರನೆಯ ದಿನ ಡಾಕ್ಟರು ಮತ್ತೆ ಫೋನ್ ಮಾಡಿದರು.

"ನಿಮ್ಮ ಮೇಲೆ ನನಗೆ ಸಂಶಯ ಇಲ್ಲ, ಕಾಗದ ಉಂಟಲ್ಲ. ಆದ್ರೆ ತ್ಯಾಂಪಣ್ಣ ಊಟ ಬಿಟ್ಟಿದ್ದಾರೆ. ನಾನು ಮಾಡಿದ್ದಲ್ಲ ಅಂತ ಒಂದೇ ಮಾತು. ಅಮ್ಮ ಹೇಳುದು, ಆದಿತ್ಯವಾರ ಇಬ್ಬರೂ ಮನೆಗೆ ಬಂದು ದೈವದ ಎದುರು ನಿಂತು ಹೇಳಿಬಿಡಲಿ, ಮತ್ತೆ ಯಾರ ಮನಸ್ಸಿನಲ್ಲಿಯೂ ಎಂತದೂ ಬೇಡ ಅಂತ. ನೀವು ಕಾಗದದಲ್ಲಿ ಇರುದು ಸತ್ಯ ಅಂತ ಹೇಳಿದ್ರೆ ಆಯ್ತು."

"ಆಯ್ತು ಸರ್" ಎಂದೆ. ಬೇರೆ ಎಂತ ಹೇಳುವುದು? ಬರುವುದಿಲ್ಲ ಎಂದರೆ ತಪ್ಪು ಒಪ್ಪಿದ ಹಾಗೆಯೇ.

ನಮ್ಮ ಕಡೆ ಮಾತಿಗೆ ಮಾತು ನಿಂತಾಗ ಜನ ಪೊಲೀಸ್ ಸ್ಟೇಷನ್ನಿಗೆ ಹೋಗುವ ಮೊದಲು ಮನೆತನ ಕಾಯುವ ದೈವದ ಎದುರು ಹೋಗುತ್ತಾರೆ. ಅಲ್ಲಿ ಸುಳ್ಳು ಹೇಳಿದವನಿಗೆ ಏನಾಗುತ್ತದೆ ಎಂಬ ವಾಕ್ಯವನ್ನು ಯಾರೂ ಪೂರ್ತಿ ಮಾಡುವುದಿಲ್ಲ. ಆಲಂಕಾರಿನ ನನ್ನ ತಾಯಿಮನೆಯ ದೊಡ್ಡಮಾವ ಗಡಿಕಲ್ಲಿನ ತಕರಾರಿನಲ್ಲಿ ಸುಳ್ಳು ಪ್ರಮಾಣ ಮಾಡಿದವರಂತೆ. ಅದೇ ಮಳೆಗಾಲ, ಆಟಿ ತಿಂಗಳಲ್ಲಿ ಅವರ ಮಾತು ನಿಂತಿತು. ಆಸ್ಪತ್ರೆಯವರು ಪಾರ್ಶ್ವವಾಯು ಎಂದರು. ಮನೆಯಲ್ಲಿ ಆ ಶಬ್ದವನ್ನು ಇವತ್ತಿಗೂ ಯಾರೂ ಬಳಸುವುದಿಲ್ಲ. ನಾನು ಇದನ್ನೆಲ್ಲ ನಂಬದವ ಎಂದು ಅಂಗಡಿಯಲ್ಲಿ ದೊಡ್ಡ ಗಂಟಲಿನಲ್ಲಿ ಹೇಳಿದವನೇ. ಆದರೆ ಆ ವಾರ ಪೂರ್ತಿ ಬೆಳಿಗ್ಗೆ ಎದ್ದ ಕೂಡಲೇ ನಾಲಿಗೆ ಹೊರಳಿಸಿ ನೋಡಿಕೊಳ್ಳುತ್ತಿದ್ದೆ.

ಹೆಂಡತಿ ಸುಪ್ರಿತಾ ಒಂದು ದಿನ ಕೇಳಿದಳು, "ನೀವು ಎಂತ ಮಾಡಿದ್ದು?"

"ನಾನು ಎಂತದೂ ಮಾಡ್ಲಿಲ್ಲ" ಎಂದು ಗದರಿದೆ. ಏನಾಯಿತು ಎಂದು ಕೇಳದೆ ಎಂತ ಮಾಡಿದ್ದು ಎಂದು ಕೇಳಿದಳಲ್ಲ ಎಂದು ಸಿಟ್ಟು ಬಂತು. ಅವಳು ಮತ್ತೆ ಕೇಳಲಿಲ್ಲ. ಅದರಿಂದ ಇನ್ನೂ ಹೆದರಿಕೆಯಾಯಿತು.

ಆದಿತ್ಯವಾರ ನನ್ನ ಹಳೆಯ ಓಮ್ನಿಯಲ್ಲಿ ಹೊರಟೆ. ಜಾಲ್ಸೂರು ದಾಟಿದೆ, ಸುಳ್ಯ ದಾಟಿದೆ. ಉದ್ದಕ್ಕೂ ಒಂದೇ ವಾಕ್ಯವನ್ನು ಬಾಯಿಪಾಠ ಮಾಡುತ್ತಿದ್ದೆ: ಕಾಗದದಲ್ಲಿ ಇರುದು ಸತ್ಯ. ಅದರಲ್ಲಿ ಒಂದು ಯುಕ್ತಿಯನ್ನೂ ಕಂಡುಕೊಂಡಿದ್ದೆ. ಕಾಗದದಲ್ಲಿ ಗೀರು ಇದೆ, ಕಾರಿನಲ್ಲಿಯೂ ಗೀರು ಇದೆ. ಹಾಗಿರುವಾಗ ಅದು ಸುಳ್ಳು ಹೇಗಾಗುತ್ತದೆ? ದೈವ ಎಂಬುದು ಇಂಥ ಯುಕ್ತಿಗೆ ಬೀಳುತ್ತದೆಯೇ ಎಂದು ಅರಂತೋಡು ತಲುಪುವವರೆಗೂ ನನಗೆ ತೀರ್ಮಾನವಾಗಲಿಲ್ಲ.

ಡಾಕ್ಟರ ಕ್ಲಿನಿಕ್ ಸುಳ್ಯದಲ್ಲಿ, ಮನೆ ಮಾತ್ರ ಅರಂತೋಡಿನಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ. ಅವರ ತಾಯಿ ಸತ್ಯವತಿಯಮ್ಮ ಬಾಯಾರಿಕೆಗೆ ಬೆಲ್ಲ, ನೀರು ಕೊಟ್ಟರು.  ತ್ಯಾಂಪಣ್ಣ ಒಗೆದ ಬಿಳಿ ಮುಂಡು ಉಟ್ಟು, ಅಂಗಳದ ತುದಿಯಲ್ಲಿ ನಿಂತಿದ್ದರು. ಒಂದು ವಾರದಲ್ಲಿ ಕೆನ್ನೆ ಒಳಗೆ ಹೋಗಿತ್ತು. ನನ್ನನ್ನು ನೋಡಿ ತಲೆ ಆಡಿಸಿದರು. ಚಾವಡಿಯ ಬದಿಯಲ್ಲಿ ದೈವದ ಕೋಣೆ. ಅಮ್ಮ ಬಾಗಿಲು ತೆರೆದು ದೀಪ ಹಚ್ಚಿದರು. ಡಾಕ್ಟರು, ತ್ಯಾಂಪಣ್ಣ, ನಾನು ಅಂಗಿ ಕಳಚಿ ಎದುರು ನಿಂತೆವು. ಒಳಗೆ ಒಂದು ಮಣೆಯ ಮೇಲೆ ಹಳೆಯ ಕತ್ತಿ, ಅದರ ಬುಡದಲ್ಲಿ ಅಡಿಕೆ ಹೂವಿನ ಹಿಂಗಾರ. 

"ಹಿರಿಯವರು ಮೊದಲು ಹೇಳಲಿ" ಎಂದರು ಅಮ್ಮ.

ತ್ಯಾಂಪಣ್ಣ ಕೈ ಮುಗಿದರು.  "ನಾನು ಮಾಡಿದ್ದಲ್ಲ ಅಂತ ಇಷ್ಟು ದಿನ ಹೇಳಿದೆ" ಎಂದು ಶುರುಮಾಡಿದರು. "ಆದ್ರೆ ಇಲ್ಲಿ ನಿಂತು ಹೇಳುದಾದ್ರೆ ಸರಿಯಾಗಿ ಹೇಳ್ಬೇಕಲ್ಲ. ಜಾಲ್ಸೂರಿನ ಹತ್ರ ಒಂದು ಲಾರಿ ಮೈಮೇಲೆ ಬಂತು. ನಾನು ಎಡಕ್ಕೆ ತೆಗೆದೆ. ಪೊದೆ ತಾಗಿತಾ ಇಲ್ಲವಾ, ನನಗೆ ಗೊತ್ತಿಲ್ಲ. ನನ್ನ ಕಣ್ಣು ಮೊದಲಿನ ಹಾಗೆ ಇಲ್ಲ. ಆ ಗೀರು ನನ್ನ ಕಣ್ಣಿಗೆ ಬೀಳದೆ ಇದ್ದದ್ದೇ ಆಗಿರ್ಬೇಕು. ಸಹಿ ನನ್ನದೇ. ತಪ್ಪು ನನ್ನದು. ಈ ದೀಪದ ಎದುರು ಒಪ್ಪಿಕೊಳ್ತೇನೆ."

ಸೊಂಟದಿಂದ ಹಳದಿ ಕಾರಿನ ಕೀ ತೆಗೆದು ಮೆಟ್ಟಿಲ ಮೇಲೆ ಇಟ್ಟರು. "ಕಣ್ಣು ಕಾಣದವ ಇನ್ನು ಓಡಿಸುದು ಬೇಡ" ಎಂದರು.

ಡಾಕ್ಟರು ಏನೋ ಹೇಳಲು ಹೋದರು. ಅಮ್ಮ ಕೈ ಅಡ್ಡ ಹಿಡಿದರು. "ಒಪ್ಪಿದ ಮೇಲೆ ಮುಗೀತು. ಇನ್ನು ಯಾರೂ ಎಂತದೂ ಹೇಳುದು ಬೇಡ" ಎಂದು ಎಲ್ಲರಿಗೂ ಗಂಧ ಕೊಟ್ಟರು. ನನಗೂ ಕೊಟ್ಟರು. ನನ್ನನ್ನು ಯಾರೂ ಕೇಳಲೇ ಇಲ್ಲ.

ಆಗ ನನಗೆ ಆದದ್ದು ಸಂತೋಷ, ಅದನ್ನು ಮುಚ್ಚಿಡುವುದಿಲ್ಲ. ಸುಳ್ಳು ಹೇಳದೆ ಬಚಾವಾದೆ ಎಂಬ ಸಂತೋಷ, ನಾಲಿಗೆ ಉಳಿಯಿತು ಎಂಬ ಸಂತೋಷ. ಅದು ಅಂಗಳ ದಾಟುವವರೆಗೂ ಇರಲಿಲ್ಲ.

ತ್ಯಾಂಪಣ್ಣನ ಮನೆ ಪೆರಾಜೆಯಲ್ಲಿ. ಊಟಕ್ಕೆ ನಿಲ್ಲಲು ಅವರಿಗೂ ಮನಸ್ಸಿರಲಿಲ್ಲ, ನನಗೂ ಇರಲಿಲ್ಲ. ನಾನು ಹೋಗುವ ದಾರಿಯೇ ಆದ್ದರಿಂದ ಅಮ್ಮ ಅವರನ್ನು ನನ್ನ ಓಮ್ನಿಯಲ್ಲಿ ಕಳಿಸಿದರು. ಅವರು ಎಡಗಡೆಯ ಸೀಟಿನಲ್ಲಿ ಕೂತು ಕೈ ಎಲ್ಲಿ ಇಡುವುದೆಂದು ತಿಳಿಯದೆ ತೊಡೆಯ ಮೇಲೆ ಇಟ್ಟರು. ಪ್ರತಿ ತಿರುವಿನಲ್ಲಿಯೂ ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು.

"ನಿನ್ನ ಮೇಲೆ ಮನಸ್ಸಿನಲ್ಲಿ ಸಂಶಯ ಪಟ್ಟೆ ಮಗ" ಎಂದರು ಸ್ವಲ್ಪ ದೂರ ಹೋದ ಮೇಲೆ. "ಅದೊಂದು ಹೇಳಿಬಿಡ್ಬೇಕು ಅಂತ. ಬೇಜಾರು ಮಾಡ್ಬೇಡ."

ನಾನು ಗಾಡಿಯನ್ನು ಬದಿಗೆ ನಿಲ್ಲಿಸಿದೆ. ಧೈರ್ಯದಿಂದ ಅಲ್ಲ, ಮುಂದೆ ಓಡಿಸಲು ಆಗಲಿಲ್ಲ. "ತ್ಯಾಂಪಣ್ಣ, ಆ ಗೀರು ನಾನು ಹಾಕಿದ್ದು. ಬ್ಲೇಡ್ ತಾಗಿತು. ಕಾಗದದಲ್ಲಿ ಗೆರೆ ನಾನು ಆಮೇಲೆ ಎಳೆದದ್ದು. ನೀವು ಸಹಿ ಹಾಕುವಾಗ ಅದು ಇರ್ಲಿಲ್ಲ."

ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿ ಎಂದೂ ಇತ್ತು. ಅವರು ನನ್ನ ಕಡೆ ನೋಡಲೇ ಇಲ್ಲ. ಹಣೆಯ ಗಂಧವನ್ನು ಬೆರಳಿನಿಂದ ಮುಟ್ಟಿ, ಬೆರಳನ್ನು ನೋಡಿಕೊಂಡರು. 

"ಹಾಗಾದ್ರೆ ನಾನು ಅಲ್ಲಿ ಹೇಳಿದ್ದು ಸುಳ್ಳಾ?"

"ನೀವು ಗೊತ್ತಿಲ್ಲದೆ ಹೇಳಿದ್ದಲ್ವಾ. ಸುಳ್ಳು ನನ್ನದು."

"ಹೇಳಿದ ಬಾಯಿ ನನ್ನದು ಮಾರಾಯ. ಮಾಡದ್ದನ್ನು ಮಾಡಿದ್ದು ಅಂತ ದೀಪದ ಎದುರು ಹೇಳಿದೆನಲ್ಲ."

 ದೈವದ ಎದುರು ತನ್ನ ಬಾಯಿಂದ ಎಲ್ಲಿ ಸುಳ್ಳು ಬಂದುಬಿಡುತ್ತದೋ ಎಂದು ಹೆದರಿ ಅವರು ತಪ್ಪು ಒಪ್ಪಿದ್ದರು. ಒಪ್ಪಿದ್ದೇ ಸುಳ್ಳಾಗಿತ್ತು. ಅಷ್ಟು ದಿನ ನಾನು ಲೆಕ್ಕ ಹಾಕಿದ್ದೆಲ್ಲ ನನ್ನ ಹೆಸರು, ನನ್ನ ಅಂಗಡಿ, ನನ್ನ ನಾಲಿಗೆ. ಈ ಮನುಷ್ಯನಿಗೆ ನಾನು ಏನು ಮಾಡಿಟ್ಟೆ ಎಂದು ಆಗ ಗೊತ್ತಾಯಿತು.

"ಗಾಡಿ ತಿರುಗಿಸು" ಎಂದರು.

"ನಾಳೆ ಹೋಗುವ ತ್ಯಾಂಪಣ್ಣ. ನಾಳೆ ನಾನೇ ಬಂದು ಡಾಕ್ಟರ ಹತ್ರ ಹೇಳ್ತೇನೆ. ಫೋನ್ ಮಾಡಿಯಾದ್ರೂ ಹೇಳ್ತೇನೆ."

"ಡಾಕ್ಟರ ಹತ್ರ ಹೇಳಿದ್ರೆ ಎಂತ ಆಯ್ತು? ಮನೆಯಲ್ಲಿ ಆರು ತಿಂಗಳ ಪುಳ್ಳಿ ಉಂಟು ನನಗೆ. ಇದನ್ನು ಹೊತ್ತುಕೊಂಡು ಹೋಗಿ ನಾನು ಆ ಮೊಮ್ಮಗುವನ್ನು ಎತ್ತುದಾ?"

ಕೀ ತಿರುಗಿಸಲು ನೋಡಿದೆ. ಎರಡು ಸಲ ಕೈ ತಪ್ಪಿತು. ಅವರು ಅದನ್ನು ನೋಡಿದರು. ಬಾಗಿಲು ತೆರೆದು ಇಳಿದು, ಸುತ್ತು ಹಾಕಿ ನನ್ನ ಬದಿಗೆ ಬಂದರು.

"ಇಳಿ. ಆಚೆ ಕೂತ್ಕೋ."

ಇನ್ನು ಓಡಿಸುವುದಿಲ್ಲ ಎಂದು ಕೀ ಇಟ್ಟು ಅರ್ಧ ಗಂಟೆ ಆಗಿರಲಿಲ್ಲ. ಆ ಕಿರಿದಾದ ರಸ್ತೆಯಲ್ಲಿ, ಮಡಿಕೇರಿಯ ಬಸ್ಸು ಎದುರು ಬರುತ್ತಿರುವಾಗ, ಒಂದೇ ಹೊರಳಿಗೆ ಗಾಡಿ ತಿರುಗಿಸಿದರು. ಕಣ್ಣಿಗೆ ಏನೂ ಆಗಿರಲಿಲ್ಲ. ದಾರಿಯಲ್ಲಿ ಇಳಿದು ಓಡಿಬಿಡಲೇ ಎಂದು ನನಗೆ ಎರಡು ಸಲ ಅನಿಸಿತು.

ಅಮ್ಮ ಹೊರಗಿನ ತೊಟ್ಟಿಯ ಹತ್ತಿರ ಕೈ ತೊಳೆಯುತ್ತಿದ್ದರು. "ಎಂತ ತ್ಯಾಂಪಣ್ಣ, ಎಂತಾದ್ರೂ ಮರ್ತು ಹೋದ್ದಾ?" ಎಂದು ಕೇಳಿದರು.

ತ್ಯಾಂಪಣ್ಣ ಅಂಗಳಕ್ಕೆ ಕಾಲಿಡದೆ ಹೊರಗೆಯೇ ನಿಂತರು. "ದೀಪ ಆರಿದ್ರೆ ಒಮ್ಮೆ ಹಚ್ಚಿ ಅಮ್ಮ. ಇವನಿಗೆ ಹೇಳ್ಲಿಕ್ಕುಂಟು" ಎಂದರು.

ಅಮ್ಮ ನನ್ನ ಮುಖ ನೋಡಿದರು. ಮತ್ತೇನೂ ಕೇಳದೆ ಎಣ್ಣೆ ತರಲು ಒಳಗೆ ಹೋದರು. ನಾನು ಅಂಗಿ ಬಿಚ್ಚತೊಡಗಿದೆ. ಮೂರನೆಯ ಗುಂಡಿ ಕೈಗೆ ಸಿಗಲಿಲ್ಲ.