ಪುಟ್ಟನಿಗೆ ಸೀಗಡಿ ಆಗಲ್ಲ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ, ಒಪ್ಕೊಳ್ತೀನಿ. ಆದರೆ ಆ ಶನಿವಾರ ಸಂಜೆ ಥಾಯ್ ಹೋಟೆಲಿಗೆ ಹೊರಟಾಗ, ದೇವರಾಣೆ, ತಣ್ಣಗೇ ಇದ್ದೆ. ಮನೆಯವಳು ಬಾಗಿಲಲ್ಲೇ ತಡೆದು, "ಇವತ್ತೊಂದು ದಿನ ಬಾಯಿಗೆ ಬೀಗ ಹಾಕ್ಕೊಂಡು ಅವನ ಮಾತು ಕೇಳಿ" ಅಂದಿದ್ದಳು. ಹೂಂ ಅಂದಿದ್ದೆ.

ಅವನು ಅಂದರೆ ನನ್ನ ತಮ್ಮ, ಪುಟ್ಟ. ನಲವತ್ತೊಂದು ವಯಸ್ಸು, ತಲೆ ಅರ್ಧ ಬೋಳು, ಆದರೂ ನನಗೆ ಪುಟ್ಟನೇ. ನಮ್ಮದು ಕನ್ನಡಕದ ಅಂಗಡಿ. ಕಣ್ಣು ಪರೀಕ್ಷೆ ಮಾಡಿ ನಂಬರ್ ಬರೆಯೋದು ಅವನು, ಗಾಜು ಉಜ್ಜಿ ಫ್ರೇಮಿಗೆ ಕೂರಿಸೋದು ನಾನು. ಕಣ್ಣಾಸ್ಪತ್ರೆಯವರು ಅವನನ್ನು ಕೆಲಸಕ್ಕೆ ಕರೀತಿದ್ದಾರೆ ಅಂತ ತಿಂಗಳಿಂದ ಗುಸುಗುಸು ಇತ್ತು. ಅವನೇ ಬಂದು, "ಅಣ್ಣ, ಶನಿವಾರ ಹೊರಗೆ ಊಟ ಮಾಡೋಣ, ಒಂದು ವಿಷಯ ಹೇಳ್ಬೇಕು" ಅಂದಾಗ, ಅಂಗಡಿ ಬಿಡೋ ಮಾತೇ ಇರಬೇಕು ಅಂದ್ಕೊಂಡೆ. ಹೇಗಾದರೂ ಅವನನ್ನು ಉಳಿಸಿಕೊಳ್ಳಬೇಕು ಅಂತಲೇ ನಾನು ಹೋಗಿದ್ದು.

ಹೋಟೆಲು ನಮ್ಮ ಬೀದಿಯ ತಿರುವಿನಲ್ಲೇ ಇದೆ. ಏಳೇ ಮೇಜು, ಅಡುಗೆಮನೆಗೆ ಬಟ್ಟೆಯ ಪರದೆ, ಒಳಗೆ ಕಾಲಿಟ್ಟರೆ ಮಜ್ಜಿಗೆಹುಲ್ಲಿನ ನಿಂಬೆಯಂಥ ಘಮ. ಪ್ರತಿ ಮೇಜಿನ ಮೇಲೂ ನಾಲ್ಕು ಸಣ್ಣ ಭರಣಿ: ಸಕ್ಕರೆ, ಮೆಣಸಿನ ಪುಡಿ, ಮೀನಿನ ಸಾಸು, ಹಸಿಮೆಣಸಿನಕಾಯಿ ನೆನೆಸಿದ ವಿನೆಗರ್. ಅವರವರ ರುಚಿಗೆ ಅವರವರೇ ಹಾಕಿಕೊಳ್ಳೋದು ಅಲ್ಲಿಯ ಪದ್ಧತಿ. ನಾನು ಪುಟ್ಟನ ನೂಡಲ್ಸಿಗೆ ಸಕ್ಕರೆ ಸುರಿದು ಕಲಸಿಯೂ ಬಿಟ್ಟೆ. ಅಮ್ಮ ತೀರಿಕೊಂಡಾಗ ಅವನಿಗೆ ಆರು ವರ್ಷ. ತುತ್ತು ತಿನ್ನಿಸಿದ ಕೈ ಇದು, ಸುಮ್ಮನಿರುತ್ತಾ?

"ಅಣ್ಣ, ಆ ಆಸ್ಪತ್ರೆ ವಿಷಯ..."

"ಮೊದಲು ತಿನ್ನೋ, ಮಾತೇನು ಓಡಿಹೋಗಲ್ಲ."

ಅವನು ಮತ್ತೆ ಬಾಯಿ ತೆರೆದ, ನಾನು ಮತ್ತೆ ತಡೆದೆ. ಕೇಳೋಕೆ ನನಗೆ ಧೈರ್ಯ ಇರಲಿಲ್ಲ, ಅಷ್ಟೇ.

ಅಷ್ಟರಲ್ಲಿ ಹೋಟೆಲಿನ ಥಾಯ್ ಒಡತಿ ನಗುನಗುತ್ತಾ ಬಂದು, ನಾವು ಹೇಳದಿದ್ದ ಒಂದು ಬಟ್ಟಲನ್ನು ಅವನ ಮುಂದಿಟ್ಟರು. ಬಿಸಿಬಿಸಿ ಸೂಪು, ಅದರ ತುಂಬ ಸೀಗಡಿ! ನನ್ನ ಜೀವ ಬಾಯಿಗೆ ಬಂತು. ಎಂಟನೇ ವಯಸ್ಸಲ್ಲಿ ಅವನಿಗೆ ಸೀಗಡಿ ತಿಂದು ಮೈಯೆಲ್ಲಾ ದದ್ದೆದ್ದಿತ್ತು, ರಾತ್ರಿಯೆಲ್ಲಾ ಬೀಸಣಿಗೆ ಹಿಡಿದು ಕೂತಿದ್ದವನು ನಾನು.

"ಏನ್ರೀ ಇದು? ಕೇಳದೆ ಗೀಳದೆ ತಂದಿಡ್ತೀರಲ್ಲ, ನನ್ನ ತಮ್ಮನನ್ನ ಸಾಯಿಸ್ತೀರಾ? ಪುಟ್ಟನಿಗೆ ಸೀಗಡಿ ಆಗಲ್ಲ!"

ಬಟ್ಟಲನ್ನು ಆಚೆ ತಳ್ಳಿದ ರಭಸಕ್ಕೆ ಸೂಪು ಅವರ ಕೈಮೇಲೇ ಚೆಲ್ಲಿತು. ಹೋಟೆಲಿಗೆ ಹೋಟೆಲೇ ನಮ್ಮ ಕಡೆ ತಿರುಗಿತು. ಪುಟ್ಟ ಎದ್ದು, ನೀರು ತಂದು ಅವರ ಕೈಮೇಲೆ ಹೊಯ್ದು, ಅವರ ಭಾಷೆಯಲ್ಲೇ ಏನೋ ಹೇಳಿದ. ಅವನಿಗೆ ಆ ಭಾಷೆ ಬರುತ್ತೆ ಅನ್ನೋದೂ ನನಗೆ ಗೊತ್ತಿರಲಿಲ್ಲ. ಅವರು ತಲೆಯಾಡಿಸಿ ಒಳಗೆ ಹೋದರು.

"ಹತ್ತು ವರ್ಷದಿಂದ ಪ್ರತಿ ಬುಧವಾರ ಇಲ್ಲಿ ಇದನ್ನೇ ತಿಂತೀನಿ ಅಣ್ಣ. ಪರೀಕ್ಷೆ ಮಾಡಿಸಿದೀನಿ, ನನಗೇನೂ ಆಗಲ್ಲ. ನೀನು ಯಾವತ್ತೂ ಕೇಳಲಿಲ್ಲ."

ನಾಚಿಕೆ ಆಯ್ತು. ನನಗೆ ನಾಚಿಕೆ ಆದರೂ ಅದು ಕೋಪವಾಗಿಯೇ ಹೊರಗೆ ಬರೋದು, ಏನು ಮಾಡ್ಲಿ?

"ನಿನ್ನನ್ನ ಕೇಳೋದೇನೋ, ಸಾಕಿದ್ದು ನಾನು! ಆಸ್ಪತ್ರೆಯವರು ಕರೆದ್ರು ಅಂತ ರೆಕ್ಕೆ ಬಂತಾ? ಹೋಗು, ಎಲ್ಲಿಗಾದ್ರೂ ಹೋಗಿ ಹಾಳಾಗು!"

ಪುಟ್ಟ ನನ್ನನ್ನೇ ನೋಡಿದ. "ಬರಲ್ಲ ಅಂತ ಬೆಳಿಗ್ಗೇನೇ ಅವರಿಗೆ ಹೇಳಿಬಿಟ್ಟಿದ್ದೆ ಅಣ್ಣ. ಅದನ್ನ ಹೇಳೋಕೇ ನಿನ್ನ ಕರ್ಕೊಂಡು ಬಂದಿದ್ದು." ಕುರ್ಚಿಯನ್ನು ಮೇಜಿನಡಿ ಸರಿಸಿದ. "ಈಗ ಬರ್ತೀನಿ ಅಂತ ಹೇಳ್ತೀನಿ."

ಎಂಟು ತಿಂಗಳಾಯ್ತು. ಒಡತಿಯ ಹತ್ತಿರ ತಪ್ಪಾಯ್ತು ಅಂದೆ, ಪಾಪ, ಅವರು ಹೊಟ್ಟೆಗೆ ಹಾಕ್ಕೊಂಡ್ರು. ತಮ್ಮನ ಹತ್ತಿರ ಆ ಮಾತು ಬಾಯಿಂದ ಬರ್ತಿಲ್ಲ. ಎರಡು ಸಲ ಆಸ್ಪತ್ರೆ ಗೇಟಿನ ತನಕ ಹೋಗಿ ಹೇಡಿ ಹಾಗೆ ವಾಪಸ್ ಬಂದೆ.

ಈ ಊರಲ್ಲಿ ಕನ್ನಡಕದ ಅಂಗಡಿಗೇನೂ ಬರವಿಲ್ಲ. ಆದರೂ ಅವನು ತನ್ನ ರೋಗಿಗಳನ್ನೆಲ್ಲ ನನ್ನ ಹತ್ತಿರವೇ ಕಳಿಸ್ತಾನೆ. ಅವರು ತರುವ ಚೀಟಿಯಲ್ಲಿ ಅವನದೇ ದುಂಡು ಅಕ್ಷರ: ಬಲಗಣ್ಣಿಗೆ ಇಷ್ಟು, ಎಡಗಣ್ಣಿಗೆ ಇಷ್ಟು. ನಂಬರ್ ಬರೆದುಕೊಂಡ ಮೇಲೆ ನಾನು ಚೀಟಿಯನ್ನು ತಿರುಗಿಸಿ ಒಂದು ಸಲ ಹಿಂದೆಯೂ ನೋಡ್ತೀನಿ. ಅಲ್ಲಿ ಏನೂ ಬರೆದಿರಲ್ಲ.